ಚಳಿಗಾಲದ ಕಡಲು: ಅಲೆಗಿಂತ ಮೊದಲು ಗಾಳಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಚಳಿಗಾಲದ ಸರ್ಫಿಂಗ್ ಬಗ್ಗೆಯೇ ಇವೆ. ರಜೆ ಹತ್ತಿರ ಬಂತಲ್ಲ! ನಾನು ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಕಲಿಸುವವಳು. ಇಲ್ಲಿ ಬಂಡೆ ಇಲ್ಲ, ಅಲೆ ಒಡೆಯುವುದು ಬರೀ ಮರಳಿನ ಮೇಲೆ. ಇಂಥ ಜಾಗಕ್ಕೆ ಸರ್ಫಿಂಗ್‌ನವರು ಬೀಚ್ ಬ್ರೇಕ್ ಅಂತಾರೆ. ಹಾಗಾಗಿ ನನ್ನ ಉತ್ತರಗಳೆಲ್ಲ ಈ ತೀರ ನೋಡಿ ಕಲಿತದ್ದು.

ನಾನು, ನನ್ನ ಹೆಂಡತಿ ಮುಂದಿನ ವಾರ ಮೂರು ದಿನ ಸಸಿಹಿತ್ಲಿಗೆ ಬರುವ ಯೋಚನೆಯಲ್ಲಿದ್ದೇವೆ. ಇಬ್ಬರೂ ಹೊಸಬರು. ಅಲೆ ಮುನ್ಸೂಚನೆಯ ಆ್ಯಪ್‌ನಲ್ಲಿ ‘0.6 ಮೀಟರ್, 13 ಸೆಕೆಂಡ್’ ಅಂತ ತೋರಿಸುತ್ತಿದೆ. ಅರ್ಧ ಮೀಟರ್ ಅಲೆಗೆ 350 ಕಿ.ಮೀ. ಬರುವುದು ದಂಡ ಅಲ್ವಾ?
*– ಓದುಗರು, ಬೆಂಗಳೂರು*

ದಂಡ ಅಲ್ಲ ಸರ್, ಖಂಡಿತ ಬನ್ನಿ. ಹೊಸಬರಿಗೆ ಇದಕ್ಕಿಂತ ಒಳ್ಳೆ ಲೆಕ್ಕ ನಾನು ಕೇಳುವುದಿಲ್ಲ.

ನೀವು ಮೊದಲಿನ ಅಂಕಿ ಮಾತ್ರ ನೋಡಿದ್ದೀರಿ. ಎರಡನೆಯದನ್ನೂ ನೋಡಿ. 13 ಸೆಕೆಂಡ್ ಅಂದರೆ ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ನೆತ್ತಿ ಬರಲು ಹಿಡಿಯುವ ಹೊತ್ತು. ಇದು ಜಾಸ್ತಿ ಇದ್ದಷ್ಟೂ ಅಲೆ ದೂರದಿಂದ ಬಂದದ್ದು ಅಂತ ಅರ್ಥ. ಆಳ ಕಡಲಿನಲ್ಲಿ 13 ಸೆಕೆಂಡಿನ ಎರಡು ಅಲೆಗಳ ನಡುವೆ ಹತ್ತಿರ ಹತ್ತಿರ 260 ಮೀಟರ್ ಅಂತರ ಇರುತ್ತದೆ. 6 ಸೆಕೆಂಡಿನ ಅಲೆಗಳ ನಡುವೆ 56 ಮೀಟರ್ ಅಷ್ಟೇ. ಉದ್ದದ ಅಲೆ ತೀರದ ಮರಳು ದಿಬ್ಬಕ್ಕೆ ಬಂದಾಗ ನಿಧಾನ ಆಗುತ್ತದೆ, ಹಿಂದಿನ ನೀರು ಒತ್ತುತ್ತದೆ, ಅಲೆ ಎದ್ದು ನಿಲ್ಲುತ್ತದೆ. ಆ್ಯಪ್‌ನ 0.6 ಇಲ್ಲಿ ಸೊಂಟದ ಮಟ್ಟ ಆಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ 0.6 ಮೀಟರ್, 6 ಸೆಕೆಂಡ್ ಅಂತ ಇದ್ದಿದ್ದರೆ ಬರೀ ಕುಲುಕಾಟ. ಬೋರ್ಡ್ ಮೇಲೆ ಎದ್ದು ನಿಲ್ಲುವ ಮುಂಚೆಯೇ ಅಲೆ ಸತ್ತಿರುತ್ತದೆ.

ಇನ್ನೊಂದು ವಿಷಯ. ಆ 0.6 ಎಲ್ಲ ಅಲೆಗಳ ಎತ್ತರ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲನ್ನು ತೆಗೆದುಕೊಂಡು ಅದರ ಸರಾಸರಿ ಕೊಡುತ್ತಾರೆ. ನಡುವೆ ಒಂದೊಂದು ಅದರ ಇಮ್ಮಡಿಯಷ್ಟೂ ಬರಬಹುದು. ಅದಕ್ಕೇ ನನ್ನ ಹತ್ತಿರ ಬಂದವರನ್ನು ಮೊದಲು ಹದಿನೈದು ನಿಮಿಷ ಮರಳ ಮೇಲೆ ಸುಮ್ನೆ ಕೂರಿಸುತ್ತೇನೆ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಬಿಡುವು. ಒಂದು ದೊಡ್ಡ ಗುಂಪು ಬಂದು ಹೋಗುವುದನ್ನು ಕಣ್ಣಾರೆ ನೋಡದೆ ನೀರಿಗೆ ಇಳಿಯಬಾರದು.

ಮಳೆಗಾಲದಲ್ಲಿ ಇದೇ ಕಡಲು ಎರಡು ಮೂರು ಮೀಟರ್ ದಾಟುತ್ತದೆ. ಆಗ ದಡದ ಹತ್ತಿರ ಬರಲೂ ಹೊಸಬರನ್ನು ಬಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅರ್ಧದಿಂದ ಒಂದು ಮೀಟರ್. ಎಂಟು ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡ್ ತೆಗೆದುಕೊಳ್ಳಿ. ಚಿಕ್ಕ ಬೋರ್ಡ್ ಚಂದ ಕಾಣುತ್ತದೆ ಅಂತ ಆಸೆಪಡಬೇಡಿ, ಈ ಅಲೆಯಲ್ಲಿ ಅದು ಮುಳುಗಿ ಕೂರುತ್ತದೆ.

ಅಕ್ಕ, ಕಳೆದ ಜನವರಿಯಲ್ಲಿ ನಾವು ಗೆಳತಿಯರು ಬಂದಿದ್ದೆವು. ಬೆಳಗ್ಗೆ ತಿಂಡಿ ಮುಗಿಸಿ 11 ಗಂಟೆಗೆ ನೀರಿಗೆ ಇಳಿದರೆ ಕಡಲೆಲ್ಲ ಕಲಕಿದ ಹಾಗಿತ್ತು. ಒಂದು ಅಲೆಯೂ ಸಿಗಲಿಲ್ಲ. ಅದೇ ದಿನ ಬೆಳಗ್ಗೆ ಹೋದವರು ಕನ್ನಡಿ ಥರ ಇತ್ತು ಅಂದರು. ನಾಲ್ಕು ಗಂಟೆಯಲ್ಲಿ ಅಷ್ಟು ಬದಲಾಗುತ್ತದಾ?
*– ಓದುಗರು, ಮೈಸೂರು*

ಆಗುತ್ತದೆ ತಂಗಿ. ಪ್ರತಿ ದಿನ ಆಗುತ್ತದೆ. ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಬೇಜಾರಾಯಿತು. ಅಷ್ಟು ದೂರದಿಂದ ಬಂದವರಿಗೆ ಬೆಳಗ್ಗೆ ಬೇಗ ಏಳಿ ಅಂತ ಹೇಳುವವರು ಯಾರೂ ಇರಲಿಲ್ಲವಲ್ಲ ಅಂತ.

ಚಳಿಗಾಲದಲ್ಲಿ ನಮ್ಮ ಕಡಲು ಒಂದೇ ದಿನದಲ್ಲಿ ಎರಡು ಕಡಲು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ತಣ್ಣಗಾಗುವುದಿಲ್ಲ. ಆಗ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಅದು ಮೂಡುಗಾಳಿ. ಅದು ಬರುವ ಅಲೆಗೆ ಎದುರಾಗಿ ಬೀಸಿ ಅದರ ಮುಖವನ್ನು ಸವರಿ ನಯ ಮಾಡುತ್ತದೆ, ಅಲೆ ಬೇಗ ಕುಸಿಯದ ಹಾಗೆ ತಡೆದು ಹಿಡಿಯುತ್ತದೆ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಲೆಕ್ಕ ತಿರುಗುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ, ಪಡುಗಾಳಿ ಶುರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರದ್ದೇ ಕಾರುಬಾರು. ಅಲೆಯ ಬೆನ್ನಿಗೆ ಗಾಳಿ ಬಿದ್ದರೆ ಅದು ಹೇಗೆಂದರೆ ಹಾಗೆ ಒಡೆಯುತ್ತದೆ.

ಇದಕ್ಕೆ ಆ್ಯಪ್ ಬೇಡ. ನಮ್ಮ ತೀರದ ಗಾಳಿಮರಗಳ ತುದಿ ನೋಡಿ. ಬೆಳಗ್ಗೆ ಸೂಜಿಯಂಥ ಎಲೆಗಳು ಕಡಲ ಕಡೆ ಬಾಗಿರುತ್ತವೆ. ಒಂದು ಹೊತ್ತಿನಲ್ಲಿ ಅಲುಗಾಟ ಪೂರ್ತಿ ನಿಲ್ಲುತ್ತದೆ. ಹತ್ತಿಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ತುದಿಗಳು ಮೆಲ್ಲಗೆ ಊರ ಕಡೆ ತಿರುಗುತ್ತವೆ. ಮರ ತಿರುಗಿತು ಅಂದರೆ ನಾನು ಮಕ್ಕಳನ್ನೆಲ್ಲ ದಡಕ್ಕೆ ಕರೆಯುತ್ತೇನೆ.

ಮೂಗಿಗೂ ಗೊತ್ತಾಗುತ್ತದೆ. ಬೆಳಗ್ಗೆ ಬೋರ್ಡ್ ಮೇಲೆ ಕೂತು ಅಲೆ ಕಾಯುವಾಗ ಊರಿನ ಬಚ್ಚಲೊಲೆಯ ಹೊಗೆ ವಾಸನೆ ನೀರಿನವರೆಗೂ ಬರುತ್ತದೆ. ತೆಂಗಿನ ಮಟ್ಟೆ ಉರಿದ ವಾಸನೆ. ಅದು ಬರುತ್ತಿರುವವರೆಗೆ ಮೂಡುಗಾಳಿ ಇದೆ. ನನಗೆ ಇವತ್ತಿಗೂ ಚಳಿಗಾಲ ಅಂದರೆ ಆ ವಾಸನೆಯೇ.

ಇನ್ನೊಂದು ಗುರುತು: ಹೊರಗಿಟ್ಟ ಬೋರ್ಡ್ ಮೇಲೆ ಇಬ್ಬನಿ ದಪ್ಪಗೆ ಕೂತಿದ್ದರೆ ರಾತ್ರಿ ಆಕಾಶ ತಿಳಿಯಾಗಿತ್ತು, ನೆಲ ಚೆನ್ನಾಗಿ ತಣ್ಣಗಾಗಿದೆ. ಆವತ್ತು ಮೂಡುಗಾಳಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಮೋಡ ಕವಿದ ರಾತ್ರಿಯಾದರೆ ಅಷ್ಟು ನಂಬಿಕೆ ಇಲ್ಲ.

ಹಾಗಾಗಿ ಮುಂದಿನ ಸಲ ಆರೂವರೆಗೆ ತೀರದಲ್ಲಿರಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಏಳರ ಹತ್ತಿರ ಆಗುತ್ತದೆ, ಬೆಳಕು ಅದಕ್ಕೂ ಮುಂಚೆ ಬರುತ್ತದೆ. ಒಂಬತ್ತೂವರೆಗೆ ಮುಗಿಸಿ ನೀರುದೋಸೆ ತಿನ್ನಿ. ಬೆಳಗ್ಗೆ ತಪ್ಪಿತು ಅಂದರೆ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ಬಿದ್ದು ಕೆಲವು ದಿನ ಅರ್ಧ ಗಂಟೆ ಒಳ್ಳೆ ನೀರು ಸಿಗುತ್ತದೆ. ಆದರೆ ಅದನ್ನು ನೆಚ್ಚಿಕೊಂಡು ಬರಬೇಡಿ.

ಮಳೆ ಇಲ್ಲ, ಬಿರುಗಾಳಿ ಇಲ್ಲ. ಆಕಾಶ ಶುಭ್ರ. ಮತ್ತೆ ಈ ಅಲೆಗಳು ಎಲ್ಲಿಂದ ಬರುತ್ತವೆ? ನನ್ನ ಶಾಲೆಯ ಮಕ್ಕಳು ಕೇಳಿದರು, ಉತ್ತರ ಹೇಳಲಾಗಲಿಲ್ಲ.
*– ಶಿಕ್ಷಕರು, ಶಿವಮೊಗ್ಗ*

ಮೇಷ್ಟ್ರೇ, ಮಕ್ಕಳಿಗೆ ಒಂದು ಗ್ಲೋಬ್ ತೋರಿಸಿ. ಮಂಗಳೂರಿನ ಮೇಲೆ ಬೆರಳಿಟ್ಟು ಕೆಳಗೆ ಜಾರಿಸಲಿ. ಮಾಲ್ಡೀವ್ಸ್ ದ್ವೀಪಸಾಲಿನ ಪಕ್ಕ ಹಾದು, ಭೂಮಧ್ಯ ರೇಖೆ ದಾಟಿ, ಇನ್ನೂ ಕೆಳಗೆ ಹೋದರೆ ಅಂಟಾರ್ಕ್ಟಿಕಾಕ್ಕೆ ಮುಂಚೆ ದೊಡ್ಡ ಖಾಲಿ ನೀರು ಸಿಗುತ್ತದೆ. ದಕ್ಷಿಣ ಅಕ್ಷಾಂಶ 40ರಿಂದ 60ರ ನಡುವಿನ ಜಾಗ. ಅಲ್ಲಿ ಗಾಳಿಯನ್ನು ತಡೆಯಲು ನೆಲವೇ ಇಲ್ಲ. ವರ್ಷವಿಡೀ ಬಿರುಗಾಳಿ. ನಮ್ಮ ಚಳಿಗಾಲದ ಉದ್ದನೆ ಅಲೆ ಹುಟ್ಟುವುದು ಅಲ್ಲಿ.

15 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ 42 ಕಿ.ಮೀ. ವೇಗದಲ್ಲಿ ಸಾಗುತ್ತದೆ. ದಿನಕ್ಕೆ ಸಾವಿರ ಕಿ.ಮೀ. ಅಂತ ಇಟ್ಟುಕೊಳ್ಳಿ. 50ನೇ ಅಕ್ಷಾಂಶದಿಂದ ನಮ್ಮಲ್ಲಿಗೆ 7,000 ಕಿ.ಮೀ. ಅಂದರೆ ಸೋಮವಾರ ಅಲ್ಲಿ ಎದ್ದ ಬಿರುಗಾಳಿಯ ಅಲೆ ಮುಂದಿನ ಸೋಮವಾರ ಸಸಿಹಿತ್ಲುವಿನ ಮರಳಿಗೆ ಬಂದು ಬೀಳುತ್ತದೆ. ನೀರು ಅಲ್ಲಿಂದ ಬರುವುದಿಲ್ಲ, ಆ ಶಕ್ತಿ ಮಾತ್ರ ನೀರಿನಿಂದ ನೀರಿಗೆ ದಾಟುತ್ತಾ ಬರುತ್ತದೆ. ಮಕ್ಕಳಿಗೆ ಹಗ್ಗದ ಒಂದು ತುದಿ ಕುಲುಕಿ ತೋರಿಸಿದರೆ ತಕ್ಷಣ ಅರ್ಥ ಆಗುತ್ತದೆ.

ನಮಗೆ ಚಳಿಗಾಲ ಇರುವಾಗ ಅಲ್ಲಿ ಬೇಸಿಗೆ. ಅಲ್ಲಿನ ಬಿರುಗಾಳಿಗೂ ಆಗ ಸ್ವಲ್ಪ ಬಲ ಕಡಿಮೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಅಲೆ ಚಿಕ್ಕದಾಗಿರಲು ಅದೂ ಒಂದು ಕಾರಣ. ಏಪ್ರಿಲ್, ಮೇ ಹೊತ್ತಿಗೆ ಅದೇ ದಿಕ್ಕಿನ ಅಲೆ ಕೆಲವು ಸಲ ಏಕಾಏಕಿ ನುಗ್ಗಿ ತೀರದ ಮನೆಗಳ ಅಂಗಳಕ್ಕೆ ಬರುತ್ತದೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಅಂತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ನಮಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನನ್ನ ಮಗನಿಗೆ 12 ವರ್ಷ. ಈಜು ಬರುತ್ತದೆ. ಅಳಿವೆ ಬಾಗಿಲ ಹತ್ತಿರ ಅಲೆ ಚಂದ ಒಡೆಯುತ್ತದೆ, ಅಲ್ಲೇ ಕಲಿಯುತ್ತೇನೆ ಅಂತ ಹಟ ಮಾಡುತ್ತಾನೆ. ಚಳಿಗಾಲದಲ್ಲಿ ಕಡಲು ಶಾಂತ ಇರುತ್ತದಲ್ಲ, ಬಿಡಬಹುದಾ?
*– ತಾಯಿ, ಉಡುಪಿ*

ಅಮ್ಮಾ, ಅಲ್ಲಿಗೆ ಮಾತ್ರ ಬಿಡಬೇಡಿ. ತೀರದಲ್ಲಿ, ಕಲಿಸುವವರ ಜೊತೆ, ಎದೆಮಟ್ಟದ ನೀರಿನೊಳಗೆ ಧಾರಾಳ ಬಿಡಿ. ಅಳಿವೆ ಬಾಗಿಲಿಗೆ ಬೇಡ.

ಯಾಕೆ ಅಂತ ಹೇಳುತ್ತೇನೆ. ಶಾಂಭವಿ, ನಂದಿನಿ ಎರಡೂ ನದಿ ಸೇರಿ ಇಲ್ಲಿ ಕಡಲಿಗೆ ಬೀಳುತ್ತವೆ. ಅವು ತಂದು ಹಾಕುವ ಮರಳಿನ ಮೇಲೆ ಅಲೆ ಚಂದ ಏಳುವುದು ನಿಜ. ಉಬ್ಬರದಲ್ಲಿ ಕಡಲ ನೀರು ನದಿಯೊಳಗೆ ತುಂಬುತ್ತದೆ. ಇಳಿತ ಶುರುವಾದರೆ ಅಷ್ಟೂ ನೀರು ಆ ಸಣ್ಣ ಬಾಗಿಲಿಂದಲೇ ಹೊರಗೆ ಓಡಬೇಕು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ಅತಿ ಹೆಚ್ಚು. ಆ ದಿನಗಳಲ್ಲಿ ಓಟವೂ ಹೆಚ್ಚು.

ಆಗ ನನಗೆ ಇಪ್ಪತ್ತೆರಡು ವಯಸ್ಸು. ಜನವರಿ, ಅಮಾವಾಸ್ಯೆಯ ಮರುದಿನ. ಕಡಲು ಎಣ್ಣೆ ಸುರಿದ ಹಾಗಿತ್ತು. ನಾನೊಬ್ಬಳೇ ಅಳಿವೆ ಹತ್ತಿರ ಇಳಿದೆ. ಎರಡು ಒಳ್ಳೆ ಅಲೆ ಸಿಕ್ಕಿತು. ಮೂರನೆಯದಕ್ಕೆ ತಿರುಗಿ ನೋಡಿದರೆ ದಡದ ಗಾಳಿಮರ ಬೆರಳುದ್ದ ಕಾಣುತ್ತಿತ್ತು. ನಾನು ಕೈ ಬೀಸಿ ದಡದ ಕಡೆಗೇ ಹುಟ್ಟು ಹಾಕಿದೆ. ಎಷ್ಟು ಹಾಕಿದರೂ ಮರ ದೊಡ್ಡದಾಗಲಿಲ್ಲ. ತೋಳು ಮರದ ಕೊರಡಾಯಿತು. ಬಲೆ ಬಿಡಲು ಹೊರಟಿದ್ದ ಒಬ್ಬರು ಹಿರಿಯರು ದೋಣಿ ತಿರುಗಿಸಿ ಬಂದು ಎತ್ತಿಕೊಂಡರು. ಅವರು ಬೈಯಲಿಲ್ಲ. “ನೀರು ಹೋಗುವಾಗ ನೀರಿನ ಜೊತೆ ಜಗಳ ಆಡಬಾರದು ಮಗಾ, ಬದಿಗೆ ಹೋಗಬೇಕು” ಅಂದರು. ಮನೆಯಲ್ಲಿ ಅಮ್ಮ ಏನೂ ಮಾತಾಡದೆ ಗಂಜಿ ಬಡಿಸಿದರು. ಲೋಟ ಹಿಡಿಯಲು ನನ್ನ ಕೈ ಬರಲಿಲ್ಲ.

ಆ ಮಾತನ್ನು ನಿಮ್ಮ ಮಗನಿಗೂ ಹೇಳಿ. ಅಳಿವೆ ಬಿಟ್ಟು ಬರೀ ತೀರದಲ್ಲೂ ಸೆಳೆತ ಇರುತ್ತದೆ. ಎರಡೂ ಕಡೆ ಅಲೆ ಒಡೆದು ನೊರೆ ಇದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ ಅಥವಾ ಮರಳು ಕಲಸಿ ಕೆಂಪಗೆ ಕಂಡರೆ ಅದೇ ಸೆಳೆತ. ಹೊಸಬರು ಶಾಂತ ಇದೆ ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ಬೋರ್ಡ್ ಬಿಡಬಾರದು, ದಡಕ್ಕೆ ಸಮಾನಾಂತರವಾಗಿ ನೊರೆ ಇರುವ ಕಡೆ ಹೋಗಬೇಕು, ಆಮೇಲೆ ಅಲೆಯ ಜೊತೆ ಒಳಗೆ ಬರಬೇಕು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಹಳೆಯದಾಗಿ ಬಿರುಕು ಬಿಟ್ಟಿದೆಯಾ ಅಂತ ನೀವೇ ಒಮ್ಮೆ ಎಳೆದು ನೋಡಿ.

ಮೈ ಬೆಚ್ಚಗಿಡುವ ವೆಟ್‌ಸೂಟ್ ಬೇಕಾ? ಚಳಿಗಾಲ ಅಂದಮೇಲೆ ನೀರು ತಣ್ಣಗಿರುತ್ತದಲ್ಲ?
*– ಓದುಗರು, ದಾವಣಗೆರೆ*

ಬೇಡ. ಜನವರಿಯಲ್ಲೂ ನಮ್ಮ ಕಡಲ ನೀರು 28 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬೆಳಗ್ಗೆ ಹೊರಗಿನ ಗಾಳಿ 21, 22 ಇದ್ದಾಗ ನೀರಿನೊಳಗೇ ಬೆಚ್ಚಗೆ. ನಿಮ್ಮನ್ನು ಕಾಡುವುದು ಬಿಸಿಲು. ತುಂಬುತೋಳಿನ ಈಜುಬಟ್ಟೆ ಹಾಕಿ. ನೀರಲ್ಲಿ ನಡೆಯುವಾಗ ಕಾಲು ಎತ್ತಿ ಇಡಬೇಡಿ, ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ. ತೊರಕೆ ಮೀನು ಮರಳಲ್ಲಿ ಹುದುಗಿ ಮಲಗಿರುತ್ತದೆ, ಸದ್ದಾದರೆ ತಾನೇ ಸರಿಯುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲು ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ.

ಕಾರವಾರದಲ್ಲಿ ಕಳೆದ ಚಳಿಗಾಲ ಎರಡು ದಿನ ಇದ್ದಕ್ಕಿದ್ದಂತೆ ಬಡಗು ದಿಕ್ಕಿನಿಂದ ಒತ್ತೊತ್ತಾಗಿ ಅಲೆ ಬಂತು. ನಮ್ಮಲ್ಲಿ ಅಷ್ಟು ಗಾಳಿ ಇರಲಿಲ್ಲ. ಏನದು?
*– ಓದುಗರು, ಕಾರವಾರ*

ಅದು ಶಮಾಲ್ ಕೆಲಸ ಇರಬೇಕು. ಅರಬ್ಬರ ನಾಡಿನ ಮೇಲೆ ವಾಯವ್ಯದಿಂದ ಬೀಸುವ ಗಾಳಿಗೆ ಆ ಹೆಸರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಆಗಾಗ ಅಲ್ಲಿ ಜೋರಾಗಿ ಬೀಸಿದಾಗ ಅದರ ಅಲೆ ಅರಬ್ಬಿ ಸಮುದ್ರ ದಾಟಿ ನಮ್ಮ ಪಡುವಣ ತೀರಕ್ಕೆ ಬರುತ್ತದೆ. ಗೋವಾ, ರತ್ನಾಗಿರಿ ಕಡೆ ಜಾಸ್ತಿ ತಿಳಿಯುತ್ತದೆ. ನೀವು ಕಾರವಾರದವರು, ನಮಗಿಂತ ನಿಮಗೆ ಹತ್ತಿರ. ಅದರ ಗುರುತು ಸೆಕೆಂಡಿನ ಲೆಕ್ಕ: ಆರರಿಂದ ಎಂಟು. ಎತ್ತರ ಕಾಣುತ್ತದೆ, ಆದರೆ ಒಂದರ ಬಾಲ ಇನ್ನೊಂದು ಹಿಡಿದು ಬರುತ್ತದೆ, ಹೊರಗೆ ಹೋಗಲು ಬಿಡುವೇ ಸಿಗುವುದಿಲ್ಲ. ತೆಂಕಿನ ಉದ್ದ ಅಲೆಯೂ ಅದೇ ದಿನ ಇದ್ದರೆ ಎರಡೂ ಒಂದಕ್ಕೊಂದು ಅಡ್ಡ ಬಿದ್ದು ಅಲ್ಲಲ್ಲಿ ಚೂಪಾದ ಗುಡ್ಡೆಯ ಹಾಗೆ ಏಳುತ್ತದೆ. ಅನುಭವ ಇದ್ದವರಿಗೆ ಅದು ಹಬ್ಬ.

ಡಿಸೆಂಬರ್‌ನಲ್ಲಿ ಚಂಡಮಾರುತದ ಭಯ ಇದೆಯಾ? ಮೊದಲೇ ತಿಳಿಯುವುದು ಹೇಗೆ?
*– ಓದುಗರು, ಮಂಗಳೂರು*

ಡಿಸೆಂಬರ್ ಮೊದಲ ಎರಡು ವಾರ ಕಣ್ಣಿಟ್ಟಿರಬೇಕು. 2017ರ ಒಖಿ ನೆನಪಿದೆಯಲ್ಲ? ನವೆಂಬರ್ ಕೊನೆಗೆ ಕನ್ಯಾಕುಮಾರಿ ಪಕ್ಕ ಹಾದು, ಲಕ್ಷದ್ವೀಪ ದಾಟಿ ಗುಜರಾತಿನ ಕಡೆ ಹೋಯಿತು. ನಮ್ಮ ತೀರಕ್ಕೆ ಅದು ಕಾಲಿಡಲೇ ಇಲ್ಲ, ಆದರೂ ಇಲ್ಲಿ ಕಡಲು ಉಕ್ಕಿತು. ಆಕಾಶ ತಿಳಿ ಇದೆ ಅಂತ ನೀರಿಗೆ ಹೋಗುವಂತಿರಲಿಲ್ಲ.

ಹೈದರಾಬಾದಿನ ಇನ್‌ಕಾಯ್ಸ್ ಅಂದರೆ ಸಾಗರ ಮಾಹಿತಿಯ ರಾಷ್ಟ್ರೀಯ ಕೇಂದ್ರ. ಅಲೆಯ ಎತ್ತರ, ದೂರದ ಅಲೆಯ ನುಗ್ಗಾಟ, ಎರಡಕ್ಕೂ ಅವರು ಎಚ್ಚರಿಕೆ ಕೊಡುತ್ತಾರೆ. ಗಾಳಿ ಮಳೆಗೆ ಹವಾಮಾನ ಇಲಾಖೆ. ನಾನು ದಿನಾ ರಾತ್ರಿ ಮಲಗುವ ಮುಂಚೆ ಎರಡನ್ನೂ ನೋಡುತ್ತೇನೆ. ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಅಂದ ದಿನ ನಾನೂ ಯಾರನ್ನೂ ಇಳಿಸುವುದಿಲ್ಲ. ದುಡ್ಡು ಕಟ್ಟಿ ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ಗೊತ್ತು. ದುಡ್ಡು ವಾಪಸ್ ಕೊಡುತ್ತೇನೆ.

ಅಲೆ ಚೆನ್ನಾಗಿ ಒಡೆಯುವ ಜಾಗದಲ್ಲೇ ಮೀನುಗಾರರು ಬಲೆ ಎಳೆಯುತ್ತಿದ್ದರು. ನಮ್ಮನ್ನು ದೂರ ಹೋಗಿ ಅಂದರು. ಕಡಲು ಎಲ್ಲರದ್ದೂ ಅಲ್ವಾ?
*– ಓದುಗರು, ಹುಬ್ಬಳ್ಳಿ*

ಎಲ್ಲರದ್ದೂ ಹೌದು ಸರ್. ಆದರೆ ಅವರದ್ದು ಅನ್ನ. ನನ್ನ ಅಪ್ಪ ಕೈರಂಪಣಿಯವರು, ಅದಕ್ಕೇ ಈ ಪ್ರಶ್ನೆ ಬಿಡಲು ಮನಸ್ಸಾಗಲಿಲ್ಲ.

ಕೈರಂಪಣಿ ಅಂದರೆ ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಕೈಯಲ್ಲೇ ಎಳೆಯುವುದು. ಮೋಟಾರ್ ಇಲ್ಲ, ಯಂತ್ರ ಇಲ್ಲ. ಅವರಿಗೂ ನಮಗೂ ಬೇಕಾದದ್ದು ಒಂದೇ ಬೆಳಗು: ಚಿಕ್ಕ ಅಲೆ, ಮೂಡುಗಾಳಿ, ತಿಳಿ ನೀರು. ಹಾಗಾಗಿ ಒಂದೇ ಜಾಗದಲ್ಲಿ ಸಿಗುತ್ತೇವೆ. ಬಲೆ ನೀರಲ್ಲಿದ್ದಾಗ ನೀವು ಬೋರ್ಡ್ ತಂದರೆ ಬೋರ್ಡ್ ಅಡಿಯ ರೆಕ್ಕೆ, ಅಂದರೆ ಫಿನ್, ಹಗ್ಗಕ್ಕೆ ಸಿಕ್ಕುತ್ತದೆ, ನಿಮ್ಮ ಕಾಲೂ ಸಿಕ್ಕಬಹುದು. ನೀರು ಕದಡಿದರೆ ಬೂತಾಯಿ ಮೀನಿನ ಗುಂಪು ಹಾರಿ ಹೋಗುತ್ತದೆ. ಇಪ್ಪತ್ತು ಮೂವತ್ತು ಮನೆಯ ಬೆಳಗಿನ ದುಡಿಮೆ ಹೋಯಿತು.

ಹಾಗಾದ ದಿನ ಇನ್ನೂರು ಮೀಟರ್ ತೆಂಕಕ್ಕೋ ಬಡಗಿಗೋ ಹೋಗಿ. ಮಳೆಗಾಲ ಕಳೆದ ಮೇಲೆ ಮರಳು ದಡಕ್ಕೆ ವಾಪಸ್ ಬಂದು ದಿಬ್ಬಗಳು ಜಾಗ ಬದಲಿಸುತ್ತಾ ಇರುತ್ತವೆ, ಇನ್ನೊಂದು ದಿಬ್ಬ ಖಂಡಿತ ಸಿಗುತ್ತದೆ. ಇಲ್ಲ, ನೀರಿಂದ ಈಗಷ್ಟೇ ಬಂದಿದ್ದೀರಿ, ಕೈ ಖಾಲಿ ಇದೆ ಅಂದರೆ ಬೋರ್ಡ್ ಮರಳ ಮೇಲೆ ಮಗುಚಿಟ್ಟು ಹಗ್ಗದ ಸಾಲಿನ ಕೊನೆಗೆ ನಿಂತುಕೊಳ್ಳಿ. ಕೇಳಬೇಕಾಗಿಲ್ಲ, ಜಾಗ ಬಿಡುತ್ತಾರೆ. ಹಗ್ಗ ಒದ್ದೆಯಾಗಿ ಭಾರ ಇರುತ್ತದೆ, ಅಂಗೈ ಉರಿಯುತ್ತದೆ. ಹಿಮ್ಮಡಿ ಊರಿ ಎಲ್ಲರ ಜೊತೆ ಹಿಂದೆ ಹಿಂದೆ ಹೆಜ್ಜೆ ಹಾಕಿ. ಬಲೆಯ ಚೀಲ ದಡಕ್ಕೆ ಬಂದಾಗ ನಿಮಗೂ ನಾಲ್ಕು ಮೀನು ತೆಗೆದು ಕೊಡುತ್ತಾರೆ. ಬೇಡ ಅನ್ನಬೇಡಿ.